ಗ್ಯಾಲರಿಯ ಕೋಣೆ

ಪುಣೆಯಲ್ಲಿ ನಾವು ಬಾಡಿಗೆಗಿದ್ದ ಮೊದಲ ಮನೆ ಮಾರಾಟಕ್ಕಿದೆ ಎಂದು ಗೊತ್ತಾದ ದಿನವೇ ನಾನು ಮನಸ್ಸಿನಲ್ಲಿ ಅದನ್ನು ಕೊಂಡಾಗಿತ್ತು. ಅಪ್ಪನಿಗೆ ಧಾರವಾಡದಿಂದ ಇಲ್ಲಿಗೆ ವರ್ಗವಾದಾಗ ನಾನೂ ಅಕ್ಕನೂ ಶಾಲೆಗೆ ಹೋಗುವ ಹುಡುಗಿಯರು. ಆ ಮನೆಯ ಮಹಡಿಯಲ್ಲೇ ಬೆಳೆದೆವು. ಮದುವೆಯಾಗಿ ನಾನು ಇದೇ ಊರಲ್ಲಿ ಉಳಿದೆ. ಅಕ್ಕ ಧಾರವಾಡಕ್ಕೆ ಮರಳಿ, ಕಟ್ಟಡಗಳ ಎಂಜಿನಿಯರ್ ಆಗಿ ದುಡಿದು ನಿವೃತ್ತಳಾದಳು.

ಫೋನಿನಲ್ಲಿ ವಿಷಯ ಹೇಳಿದಾಗ ಅವಳ ದನಿಯಲ್ಲಿ ನನ್ನ ಸಂಭ್ರಮ ಇರಲಿಲ್ಲ. "ಮಾತು ಕೊಟ್ಟಿಲ್ಲ ಹೌದಿಲ್ಲೋ? ನಾ ಬರೂತನಾ ಕೊಡಬ್ಯಾಡ. ಹಳೇ ಮನಿ ಮಳಿಗಾಲದಾಗನ ನೋಡಬೇಕು."

ಜೋರು ಮಳೆಯ ಒಂದು ಬೆಳಿಗ್ಗೆ ಅಕ್ಕ ಪುಣೆಯ ಕಾತ್ರಜದಲ್ಲಿ ಬಸ್ಸಿಳಿದಳು. ಕೈಚೀಲದಲ್ಲಿ ಬ್ಯಾಟರಿ, ಸುತ್ತಿಗೆ, ಸ್ಕ್ರೂಡ್ರೈವರ್, ನನಗೆಂದು ಪೇಢೆ.

ಬಾಗಿಲು ತೆರೆದವರು ಆಗಿನ ಮಾಲಕರ ಸೊಸೆ. "ಯಾ ತಾಈ, ಯಾ," ಎಂದು ಮರಾಠಿಯಲ್ಲಿ ಒಳಗೆ ಕರೆದು, ನೋಡುವುದನ್ನೆಲ್ಲ ನಿಧಾನವಾಗಿ ನೋಡಿ ಎಂದರು. ನನ್ನ ಕಣ್ಣಿಗೆ ಬಿದ್ದದ್ದು ಮೆಟ್ಟಿಲ ಕಟಾಂಜನ, ಅಮ್ಮ ಒಲೆ ಇಡುತ್ತಿದ್ದ ಕಡಪಾ ಕಲ್ಲು, ಮಳೆಗೆ ಉಬ್ಬಿ ಮುಚ್ಚಲಾರದ ಅದೇ ಕಿಟಕಿ. ಅಕ್ಕ ಮಾತ್ರ ಮೊದಲು ಮನೆಯ ಸುತ್ತ ಛತ್ರಿ ಹಿಡಿದು ನಡೆದಳು. ಕಲ್ಲಿನ ಪಾಯ ಎಲ್ಲೂ ಕುಸಿದಿರಲಿಲ್ಲ. ಒಳಗೆ ಬಂದು ಗೋಡೆಗಳನ್ನು ತಟ್ಟಿ ಸದ್ದು ಕೇಳಿದಳು. ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ ಕಟ್ಟಿಗೆ ಬಿಸ್ಕೀಟಿನಂತೆ ಉದುರಿತು. "ಗೆದ್ದಲಾ. ಇದು ಬದಲಿ ಮಾಡಿದ್ರ ಮುಗೀತು," ಎಂದಳು. ಅಡುಗೆಮನೆಯ ತಾರಸಿಯ ಅಡಿಯಲ್ಲಿ ಸಿಮೆಂಟಿನ ಗಿಲಾವು ಕಳಚಿ ತುಕ್ಕು ಹಿಡಿದ ಸರಳುಗಳು ಕಾಣುತ್ತಿದ್ದವು. "ಇದಕ್ಕ ಖರ್ಚು ಅದ. ಆದ್ರ ದುರುಸ್ತಿ ಆಗ್ತದ."

ಕೊನೆಗೆ ಮಹಡಿಯ ನಮ್ಮ ಕೋಣೆಗೆ ಬಂದೆವು. ಬೀದಿಯ ಮೇಲೆ ಚಾಚಿದ ಬಾಲ್ಕನಿಗೆ, ಇಲ್ಲಿಯವರು ಗ್ಯಾಲರಿ ಎನ್ನುವುದಕ್ಕೆ, ಇಟ್ಟಿಗೆಯ ಗೋಡೆ ಎಬ್ಬಿಸಿ ಮಾಡಿದ ಕೋಣೆ ಅದು. ಇಬ್ಬರೂ ಒಂದೇ ಕೌದಿ ಹೊದ್ದು ಮಲಗಿದ್ದು, ಪಾಠ ಓದಿದ್ದು, ಜಗಳಾಡಿದ್ದು, ಎಲ್ಲ ಅಲ್ಲಿ. ನಾನು ಒಳಗೆ ಕಾಲಿಡುವಷ್ಟರಲ್ಲಿ ಅಕ್ಕ ತೋಳು ಹಿಡಿದು ನಿಲ್ಲಿಸಿದಳು. ಮನೆಯ ಗೋಡೆಗೂ ಆ ಕೋಣೆಗೂ ನಡುವೆ ಮೇಲಿನಿಂದ ಕೆಳಗೆ ಬಿರುಕು ಬಿಟ್ಟಿತ್ತು. ಮೇಲ್ಗಡೆ ಬೆರಳು ತೂರುವಷ್ಟು ಅಗಲ.

ಅಡುಗೆಮನೆಯಿಂದ ಒಂದು ನಿಂಬೆಹಣ್ಣು ಕೇಳಿ ತಂದು ಹೊಸ್ತಿಲಾಚೆ ಇಟ್ಟಳು. ಅದು ಸೀದಾ ಬೀದಿಯ ಕಡೆಗೆ ಉರುಳಿ ಕಿಟಕಿಯ ಕೆಳಗೆ ನಿಂತಿತು.

"ನಿನ್ನ ಗೋಲಿ ನೆನಪದಾವೇನು?" ಎಂದಳು.

ನೆನಪಿತ್ತು. ಆಡುವಾಗ ಗೋಲಿಗಳೆಲ್ಲ ಆ ಮೂಲೆಗೇ ಹೋಗುತ್ತಿದ್ದವು. ನೀನೇ ತಳ್ಳಿದೆ ಎಂದು ಒಬ್ಬರ ಜಡೆ ಒಬ್ಬರು ಎಳೆಯುತ್ತಿದ್ದೆವು.

"ಆವಾಗಿಂದನ ವಾಲ್ಯದ ಇದು. ಗ್ಯಾಲರಿ ಗ್ವಾಡಿ ಭಾರ ಹೊರೂದಕ್ಕ ಕಟ್ಟಿದ್ದಲ್ಲ. ನಮ್ಮ ಅವ್ವ ಇದರ ಕೆಳಗ ನಿಂತು ಕಾಯಿಪಲ್ಯಾ ಕೊಳ್ತಿದ್ಲು," ಎಂದವಳ ದನಿ ಸಣ್ಣದಾಯಿತು.

"ಹಂಗಾರ ಬ್ಯಾಡ ಅಂತೀಯೇನು?"

"ಮನಿ ಗಟ್ಟಿ ಅದ, ತಗೋ. ಈ ಕೋಲಿ ಮಾತ್ರ ಕೆಡವಬೇಕು. ಉಳಿಸ್ತೀನಿ ಅಂದ್ರ ತಗೋಬ್ಯಾಡ."

ಯಾವ ಕೋಣೆಗಾಗಿ ಆ ಮನೆ ಬೇಕಿತ್ತೋ ಅದನ್ನೇ ಬಿಡಬೇಕಿತ್ತು. ಮರಳುವ ದಾರಿಯಲ್ಲಿ ರಿಕ್ಷಾದಲ್ಲಿ ನಾನು ಅತ್ತೆ. ಅಕ್ಕ ಪೇಢೆಯ ಪೊಟ್ಟಣ ಬಿಚ್ಚಿ ಕೈಗಿಟ್ಟಳು.

ಮನೆ ಕೊಂಡೆವು. ಕೋಣೆ ಕೆಡಹುವ ದಿನ ಕರೆಯದಿದ್ದರೂ ಅಕ್ಕ ಬಂದಳು. ಬೀದಿಯ ಆಚೆ ಬದಿಯಲ್ಲಿ ಇಬ್ಬರೂ ನಿಂತೆವು. ಒಳಗೋಡೆಯಲ್ಲಿ ಸುಣ್ಣದ ಪದರುಗಳಡಿ ನಮ್ಮ ಕಾಲದ ತಿಳಿನೀಲಿ ಬಣ್ಣ ಕಂಡು ಧೂಳಿನಲ್ಲಿ ಮುಳುಗಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಅಲ್ಲಿ ಬರೀ ಬಯಲು, ಬೆಳಗಿನ ಬಿಸಿಲು ನೇರ ನಡುಮನೆಗೆ ಬೀಳುತ್ತದೆ. ಅಕ್ಕ ಬಂದಾಗ ನಡುಮನೆಯ ಆ ಬಿಸಿಲಲ್ಲೇ ಚಾಪೆ ಹಾಸಿಕೊಂಡು ಕೂದಲು ಒಣಗಿಸುತ್ತಾಳೆ.