ನೆನಪು, ಅಷ್ಟೇ

ಪೂಟ್ಟು ಮಾಮನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬೀಗದ ತಗಡು ಬಡಿಯುವಾಗ ಯಾವತ್ತೋ ಸುತ್ತಿಗೆ ತಪ್ಪಿ ಬಿದ್ದು ಹೋದದ್ದಂತೆ. ಆ ಬೋಳು ಬೆರಳನ್ನು ಆಡಿಸುತ್ತಾ ವಾದಕ್ಕೆ ನಿಂತರೆ ಮುಗಿಯಿತು, ಎದುರಿನವರು ಸೋತೆ ಅನ್ನುವವರೆಗೂ ಬಿಡುತ್ತಿರಲಿಲ್ಲ. ತಮಿಳಿನಲ್ಲಿ ಪೂಟ್ಟು ಅಂದರೆ ಬೀಗ; ಅದನ್ನು ಮಾಡುವುದೇ ಅವರ ಕಸುಬು. ವೇದಸಂದೂರಿನ ಹೊಲ ಬಿಟ್ಟು ನಾವು ದಿಂಡಿಗಲ್ಲಿಗೆ ಬಂದಾಗ ಅವರದು ಪಕ್ಕದ ಮನೆ. ಹಾಗಾಗಿ ನನಗೆ ಅವರು ಪೂಟ್ಟು ಮಾಮ, ಅವರ ಹೆಂಡತಿ ಅತ್ತೆ. ಮಕ್ಕಳಿರಲಿಲ್ಲ. ನಮ್ಮಜ್ಜಿಯ ಜೊತೆ ಮಾತಾಡಿ ಮಾತಾಡಿ ನಮ್ಮ ಮನೆಯ ತಮಿಳು ಬೆರೆತ ಕನ್ನಡವನ್ನು ಇಬ್ಬರೂ ಕಲಿತುಬಿಟ್ಟಿದ್ದರು.

ಇಬ್ಬರೂ ಕ್ರೈಸ್ತರೇ. ಆದರೆ ಮಾಮ ಪ್ರಾಟೆಸ್ಟೆಂಟ್, ಅತ್ತೆ ಕ್ಯಾಥೊಲಿಕ್. ಭಾನುವಾರ ಒಟ್ಟಿಗೆ ಹೊರಟು, ಬೀದಿ ತುದಿಯಲ್ಲಿ ಮಾಮ ಎಡಕ್ಕೆ, ಅತ್ತೆ ಬಲಕ್ಕೆ. ಮಾಮನ ಚರ್ಚಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸಕ್ಕೆ ‘ರಾಪ್ಪೋಜನ’ ಅಂತ ಹೆಸರು, ಅಂದರೆ ರಾತ್ರಿಯೂಟ. ಅತ್ತೆಯ ಚರ್ಚಿನಲ್ಲಿ ಅದು ‘ನರ್ಕರುಣೈ’, ಒಳ್ಳೆಯ ಕರುಣೆ. ರೊಟ್ಟಿ ಯೇಸುವಿನ ಮೈಯೇ ಆಗುತ್ತದೆ ಅಂತ ಅತ್ತೆ. “ನನ್ನ ನೆನಪಿಗೆ ಮಾಡಿ ಅಂದ ಅವನು. ನೆನಪು, ಅಷ್ಟೇ” ಅಂತ ಮಾಮ.

ಒಂದು ದಿನ ಅಜ್ಜಿ, “ಅಯ್ಯೋ, ಪ್ರಸಾದ ತಾನೇ? ಅದಕ್ಯಾಕೆ ಇಷ್ಟು ಜಗಳ?” ಅಂದಳು.

“ಪ್ರಸಾದ ಅಲ್ಲ!” ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

ಆ ವಿಷಯದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ಅಜ್ಜಿ ಬಿದ್ದು ಬಿದ್ದು ನಕ್ಕಳು.

ಆದರೆ ಅತ್ತೆಗೆ ಆ ನರ್ಕರುಣೈ ಸಿಗುತ್ತಿರಲಿಲ್ಲ. ಮದುವೆ ಮಾಮನ ಚರ್ಚಿನಲ್ಲಿ ಆಗಿತ್ತು. ಅತ್ತೆಯ ಚರ್ಚು ಅದನ್ನು ಮದುವೆ ಅಂತಲೇ ಒಪ್ಪಿರಲಿಲ್ಲ. ಪೂಸೆಯಲ್ಲಿ, ಅಲ್ಲಿಯ ಪೂಜೆಗೆ ಹಾಗನ್ನುತ್ತಿದ್ದರು, ಎಲ್ಲರೂ ಎದ್ದು ಮುಂದೆ ಹೋಗುವಾಗ ಅತ್ತೆ ಹಿಂದಿನ ಕಂಬದ ಹತ್ತಿರ ಮಂಡಿಯೂರಿಕೊಂಡೇ ಇರುತ್ತಿದ್ದಳು. ಆದರೂ ಶನಿವಾರ ರಾತ್ರಿ ಉಂಡು ಮಲಗಿದರೆ ಪೂಸೆ ಮುಗಿಯುವವರೆಗೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ನರ್ಕರುಣೈ ತೊಗೊಳ್ಳುವವರ ಹಳೇ ಕಟ್ಟಳೆ ಅದು. ಅಮ್ಮ ಕಾಫಿ ಕೊಡಲು ಹೋದರೆ, “ಪೂಸೆ ಮುಗೀಲಿ ಅಕ್ಕ” ಅನ್ನುವಳು.

“ಬಡಿಸದ ಎಲೆ ಮುಂದೆ ಕೈ ತೊಳ್ಕೊಂಡು ಕೂತಿರ್ತಾಳೆ” ಅಂತ ಮಾಮ ಅಣಕಿಸುವರು.

“ಯಾವತ್ತಾದ್ರೂ ಕರೆದ್ರೆ? ಹೊಟ್ಟೆ ಖಾಲಿ ಇರ್ಬೇಕಲ್ಲ” ಅಂತ ಅತ್ತೆ ನಗುವಳು.

ದಾರಿ ಇಲ್ಲದೇ ಇರಲಿಲ್ಲ. ಮಾಮ ಒಂದು ದಿನ ಅತ್ತೆಯ ಚರ್ಚಿನ ಪಾದ್ರಿಯ ಮುಂದೆ ಹೆಂಡತಿ ಜೊತೆ ನಿಂತು ಮದುವೆಯ ಮಾತನ್ನು ಇನ್ನೊಮ್ಮೆ ಹೇಳಬೇಕಿತ್ತು. “ಇನ್ನೊಂದು ಸಲ ಕಟ್ಕೋಬೇಕಂತೆ! ಹಾಗಾದ್ರೆ ಇಷ್ಟು ವರ್ಷ ನಾನು ಇವಳನ್ನ ಇಟ್ಕೊಂಡಿದ್ನಾ?” ಅಂತ ಬೋಳು ಬೆರಳು ಎತ್ತುತ್ತಿದ್ದರು. ಆ ಸಿಟ್ಟು ಸುಳ್ಳಲ್ಲ, ಹೆಂಡತಿಯ ಮಾನದ ಮಾತೇ. ಆದರೆ ಹೆಂಡತಿಗೆ ಬೇಕಿದ್ದದ್ದು ಅದಲ್ಲವಲ್ಲ!

ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಮಲಗಿದಲ್ಲಿಂದಲೇ, ನಮ್ಮ ಎದುರಿಗೇ ಗಂಡನನ್ನು ಕೇಳಿದಳು: “ನಿಮಗೆ ಅದು ಬರೀ ರೊಟ್ಟಿ ತಾನೇ? ಒಂದು ಚೂರು ರೊಟ್ಟಿ ಕೊಡ್ಸೋಕೆ ಯಾಕಿಷ್ಟು ಯೋಚನೆ?”

ಯಾರಿಗೂ ಸೋಲದ ಮಾಮ ಅವಳ ಹೊದಿಕೆ ಸರಿಮಾಡಿದರು. “ಮೊದಲು ವಾಸಿಯಾಗು, ಆಮೇಲೆ ನೋಡೋಣ” ಅಂದರು. ಅವಳು ಸಾಯುತ್ತಾಳೆ ಅಂತ ಒಪ್ಪಿದ ಹಾಗಾಗುತ್ತದೆ ಅಂತ ಹೆದರಿದರೋ, ವಾದ ಸೋತ ಹಾಗಾಗುತ್ತದೆ ಅಂತಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೊಂದು ಬೆಳಿಗ್ಗೆ ಚಪ್ಪಲಿ ಕೂಡ ಮೆಟ್ಟದೆ ಅತ್ತೆಯ ಚರ್ಚಿಗೆ ಓಡಿದರು. ಪಾದ್ರಿ ಬಂದರು. ಅವರು ಕೇಳಿದ್ದಕ್ಕೆಲ್ಲ ಮಾಮ “ಆಗಲಿ ಸಾಮಿ, ಆಗಲಿ” ಅಂದರು. ಅಷ್ಟರಲ್ಲಿ ಅತ್ತೆಗೆ ನುಂಗುವ ಶಕ್ತಿಯೇ ಹೋಗಿತ್ತು. ಅಮ್ಮ ಚಮಚದಲ್ಲಿ ಹಾಕಿದ ನೀರೂ ಕಟಬಾಯಿಂದ ಇಳಿಯಿತು. ಪಾದ್ರಿ ಹಣೆಗೆ ಎಣ್ಣೆ ಹಚ್ಚಿ, ಜಪ ಹೇಳಿ, ತಂದ ನರ್ಕರುಣೈಯನ್ನು ಹಾಗೇ ಎದೆಗೊತ್ತಿಕೊಂಡು ವಾಪಸ್ ಹೋದರು. ಮಧ್ಯಾಹ್ನದೊಳಗೆ ಅತ್ತೆ ಹೋದಳು.

ಮುಂದಿನ ಭಾನುವಾರ ಅಮ್ಮ ಮಾಮನಿಗೆ ಕಾಫಿ ತೊಗೊಂಡು ಹೋದಳು. “ಪೂಸೆ ಮುಗೀಲಿ ತಾಯಿ” ಅಂದರು. ಅವರಿಗೆಲ್ಲಿಯ ಪೂಸೆ!

“ಇದೇನಪ್ಪಾ, ನಿಮ್ಮ ಚರ್ಚಲ್ಲಿ ಉಪವಾಸ ಇಲ್ಲವಲ್ಲ?” ಅಂತ ಅಜ್ಜಿ ಕೇಳಿದಳು.

“ಹಸಿವಾದಾಗ ಅವಳು ಇಲ್ಲೇ ಪಕ್ಕದಲ್ಲಿ ಕೂತ ಹಾಗಿರುತ್ತೆ ಅವ್ವಾ. ನೆನಪು ಅಷ್ಟೇ ಅಂತಿದ್ದೆ. ಅಷ್ಟೇ ಅಲ್ಲ. ಅವಳಿದ್ದಾಗಲೇ ಇದನ್ನ ಒಪ್ಕೊಂಡಿದ್ರೆ ನನ್ನ ಗಂಟೇನು ಹೋಗ್ತಿತ್ತು?”

ಮಾಮ ಚರ್ಚು ಬದಲಿಸಲಿಲ್ಲ. ಸಾಯುವವರೆಗೂ ಬೀದಿ ತುದಿಯಲ್ಲಿ ಎಡಕ್ಕೇ ತಿರುಗಿದರು, ಖಾಲಿ ಹೊಟ್ಟೆಯಲ್ಲಿ. ವಾದ ಮಾತ್ರ ಬಿಟ್ಟರು; ಯಾರಾದರೂ ಕೆಣಕಿದರೆ ಆ ಬೋಳು ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳುತ್ತಿದ್ದರು. ಹೂತದ್ದೂ ಇಬ್ಬರನ್ನೂ ಬೇರೆ ಬೇರೆ ಕಡೆ, ಅವರವರ ಚರ್ಚಿನ ಮಣ್ಣಿನಲ್ಲಿ. ಅದಕ್ಕೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ ನನ್ನ ಮೊಮ್ಮಕ್ಕಳು “ಇದೆಲ್ಲ ನೆನಪಿಗೆ, ಅಷ್ಟೇ ಅಲ್ವಾ ಅಜ್ಜಿ?” ಅನ್ನುತ್ತವೆ. ನನಗೆ ರೇಗಿಹೋಗುತ್ತದೆ. “ಅಷ್ಟೇ ಅನ್ನಬೇಡ್ರೋ” ಅಂತ ಗದರುತ್ತೇನೆ. “ಆ ಒಂದು ಮಾತಿಗೆ ಒಬ್ಬಳು ಹಸಿದುಕೊಂಡೇ ಹೋದಳು.”