ಮೇಸ್ತ್ರಿಯ ಗೊರಕೆ ಕ್ಲಿಪ್ಪು

ಹಲ್ಲಿನ ಸೆಟ್ಟು ಕಟ್ಟುವುದರಲ್ಲಿ ಮೇಸ್ತ್ರಿಯದು ಎತ್ತಿದ ಕೈ. ದಂತವೈದ್ಯೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೂವತ್ತು ವರ್ಷ ಕೂತು ಊರಿನ ಅರ್ಧ ಬಾಯಿಗಳನ್ನು ತುಂಬಿಸಿದ್ದ. ಅವನ ಸ್ವಂತ ಬಾಯಲ್ಲಿ ಮಾತ್ರ ಉಳಿದ ದವಡೆ ಹಲ್ಲು ಮೂರೇ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಹೆಂಡತಿ ಚುಚ್ಚುತ್ತಿದ್ದಳು.

ಅವನ ಗೊರಕೆಗೆ ಪಕ್ಕದ ಮನೆಯವರೂ ಎದ್ದು ಕೂರುತ್ತಿದ್ದರು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದೀತು, ಪರೀಕ್ಷೆ ಮಾಡಿಸಿ ಎಂದು ಡಾಕ್ಟರಮ್ಮ ಹೇಳಿದರು. ಆಸಾಮಿ ಕೇಳಬೇಕಲ್ಲ! ಕೆಳದವಡೆಯನ್ನು ಮುಂದಕ್ಕೆಳೆದು ಗಂಟಲು ತೆರೆದಿಡುವ ಕ್ಲಿಪ್ಪನ್ನು ಎಷ್ಟೋ ಜನಕ್ಕೆ ಮಾಡಿಕೊಟ್ಟವನು, ತನಗೂ ಒಂದು ಮಾಡಿಕೊಂಡ. ಗೊರಕೆ ನಿಂತಿತು. ಹೆಂಡತಿ ಬೀದಿಗೆಲ್ಲ ಸಾರಿ ಬಂದಳು.

ಬೆಳಿಗ್ಗೆ ದವಡೆ ನೋಯುತ್ತಿದ್ದುದನ್ನು, ಕ್ಲಿಪ್ಪು ಜಾರಿ ದಿಂಬಿನ ಮೇಲೆ ಬಿದ್ದಿರುತ್ತಿದ್ದುದನ್ನು ಅವನು ಯಾರಿಗೂ ಹೇಳಲಿಲ್ಲ. ಹಗಲೆಲ್ಲ ತೂಕಡಿಕೆ. ಒಂದು ದಿನ ಅಜ್ಜಿಯೊಬ್ಬರ ಸೆಟ್ಟಿನಲ್ಲಿ ಬಲಗಡೆಯ ಹಲ್ಲುಗಳನ್ನು ಎಡಕ್ಕೆ ಕೂರಿಸಿಬಿಟ್ಟ. ಅಜ್ಜಿ ಬಾಯಿ ಮುಚ್ಚಲಾಗದೆ, "ಯಾರ ಬಾಯಿಗೆ ಮಾಡಿದ್ದಪ್ಪ ಇದು?" ಎಂದರು. ತಿದ್ದಿಕೊಟ್ಟಿದ್ದೂ ಕೂರಲಿಲ್ಲ. ಕೈಯ ಹದವೇ ಹೋಯಿತು ಎಂದುಕೊಂಡ ಮೇಸ್ತ್ರಿ. ಕೈ ಹೋದ ಮೇಲೆ ಮೇಸ್ತ್ರಿ ಎಂತಹ ಮೇಸ್ತ್ರಿ? ಕೆಲಸ ಬಿಡುತ್ತೇನೆಂದು ಡಾಕ್ಟರಮ್ಮನ ಮುಂದೆ ನಿಂತ.

ಅವರು ಬೈದು, ಕ್ಲಿಪ್ಪು ಹಾಕಿಸಿಯೇ ನಿದ್ದೆಯ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಎದುರಿಗೆ ಕೂರಿಸಿಕೊಂಡರು.

"ಸದ್ದು ನಿಂತಿದೆ ಮೇಸ್ತ್ರಿ, ಕಾಯಿಲೆ ನಿಂತಿಲ್ಲ. ಗಂಟೆಗೆ ಮೂವತ್ತೈದು ಸಲ ಉಸಿರು ಕಟ್ತಿದೆ. ಇಷ್ಟು ಜೋರಿರೋದಕ್ಕೆ ಕ್ಲಿಪ್ಪು ಸಾಲೋದು ಕಷ್ಟ. ಅದನ್ನ ಹಿಡ್ಕೊಳ್ಳೋಕೆ ನಿಮ್ಮ ಬಾಯಲ್ಲಿ ಹಲ್ಲಾದ್ರೂ ಎಲ್ಲಿವೆ?"

"ಹಾಗಾದ್ರೆ ನನ್ ಕೈ?"

"ಕೈಗೇನಾಗಿದೆ? ನಿದ್ದೆ ಕೆಟ್ಟಿದೆ, ಅಷ್ಟೇ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಕಾಯಿಲೆ ದೊಡ್ಡದು ಎಂದು ಕೇಳಿ ಇಷ್ಟು ಖುಷಿಪಟ್ಟ ರೋಗಿಯನ್ನು ಡಾಕ್ಟರಮ್ಮ ಕಂಡಿರಲಿಲ್ಲ.

ಈಗ ಅವನು ಮಲಗುವಾಗ ಗಾಳಿಯೂದುವ ಯಂತ್ರದ ಮಾಸ್ಕು ಹಾಕಿಕೊಳ್ಳುತ್ತಾನೆ. ಅದರ ಕೊಳವೆ ನೋಡಿ, ಆನೆಯ ಪಕ್ಕ ಮಲಗಿದಂತಿದೆ ಎಂದು ಹೆಂಡತಿ ನಗುತ್ತಾಳೆ. ಮೊದಲ ವಾರ ಅವನು ಅದನ್ನು ಶಪಿಸಿದ್ದೂ ಉಂಟು. ತಿಂಗಳು ಕಳೆಯುವಷ್ಟರಲ್ಲಿ ತೂಕಡಿಕೆ ಬಿಟ್ಟುಹೋಯಿತು.

ಆಮೇಲೆ ಅಜ್ಜಿಯ ಸೆಟ್ಟನ್ನು ಮೊದಲಿನಿಂದ ಕಟ್ಟಿದ. ಅಜ್ಜಿ ಹಾಕಿಕೊಂಡು ಬಾಯಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಕನ್ನಡಿ ಕೇಳಿದರು. ಮೇಸ್ತ್ರಿ ಕನ್ನಡಿ ಹಿಡಿದು ನಿಂತ. "ಇದು ನನ್ನ ಬಾಯಿಗೇ ಮಾಡಿದ್ದಪ್ಪ" ಎಂದರು ಅಜ್ಜಿ.