ಎರ್ಮೊಲಾಯ್ ತಾತನ ಟೊಪ್ಪಿಗೆ

ಡಾನ್ ನದಿ ದಂಡೆಯ ನಮ್ಮ ಕೊಸಾಕರ ಹಳ್ಳಿಗೆ ಬೆಳಗಾಗುವುದೇ ಎರ್ಮೊಲಾಯ್ ತಾತನ ಟೊಪ್ಪಿಗೆ ಕಳೆದುಹೋದ ಗದ್ದಲದಿಂದ. ಗೋಧಿ ಕೊಯ್ಲು ನಿಂತರೂ ಸರಿ, ಕೊಸಾಕನಾದವನು ಬರಿದಲೆಯಲ್ಲಿ ಹೊಸ್ತಿಲು ದಾಟಬಾರದೆಂಬುದು ಅವನ ಹಟ. "ಲುಕೇರ್ಯಾ, ನಿನ್ನ ಆ ದರಿದ್ರ ಮೇಕೆ ತಿಂದಿರ್ಬೇಕು ಕಣೇ!" ಎಂದು ಕೂಗುತ್ತಾನೆ. "ತಲೆ ಮುಟ್ಟಿ ನೋಡ್ಕೊಳ್ಳೋ ಮುದುಕಾ, ಅಲ್ಲೇ ಕೂತಿದೆ," ಎನ್ನುತ್ತಾಳೆ ಹೆಂಡತಿ. ನಿಜಕ್ಕೂ ಸಿಗದ ದಿನ ಅವಳ ಹೂವಿನ ಶಾಲನ್ನೇ ತಲೆಗೆ ಸುತ್ತಿಕೊಂಡು ಹೊಲಕ್ಕೆ ಹೊರಡುತ್ತಾನೆ. ಹೆಂಗಸರು ಯಾಕೆ ನಗುತ್ತಾರೆಂದು ಅವನಿಗೆ ತಿಳಿಯುವುದಿಲ್ಲ. ಹಾಗೆ ನೋಡಿದರೆ ಮನೆಯಲ್ಲಿ ಇನ್ನೊಂದು ಒಳ್ಳೆಯ ಟೊಪ್ಪಿಗೆಯಿದೆ, ದೇವರ ಪಟದ ಕೆಳಗೆ. ದಂಡಿಗೆ ಹೋಗಿ ಸತ್ತವನ ಟೊಪ್ಪಿಗೆಯನ್ನು ನಮ್ಮವರು ಇಡುವುದು ಅಲ್ಲೇ. ಅದು ಅವನ ಮಗ ಗೊರ್ದೇಯ್‌ನದು. "ಚಳಿ ಇದೆ ತಾತ, ಅದನ್ನೇ ಹಾಕ್ಕೋಬಾರ್ದಾ?" ಎಂದೆ ಮೊನ್ನೆ. "ಹುಚ್ಚಪ್ಪಾ, ಅದು ಗೊರ್ದೇಯ್‌ದು! ನನ್ನ ಹಾಗೇ ಮರೆಗುಳಿ, ಬಿಟ್ಟು ಹೋಗಿದಾನೆ. ಬಂದು ಕೇಳಿದ್ರೆ ಏನು ಹೇಳ್ಲಿ?" ಎಂದ. ತಾತ ನಿಜಕ್ಕೂ ಮರೆತಿದ್ದಾನೋ, ಮರೆತಂತೆ ನಟಿಸುತ್ತಾನೋ ನನಗೆ ತಿಳಿಯಲಿಲ್ಲ. ಲುಕೇರ್ಯ ಪಟದ ಕೆಳಗಿನ ಟೊಪ್ಪಿಗೆಯನ್ನು ತೆಗೆದು ಧೂಳು ಒರೆಸಿದಳು. ಬದುಕಿರುವವರದನ್ನು ನೇತುಹಾಕುವ, ಬಾಗಿಲ ಪಕ್ಕದ ಗೂಟಕ್ಕೆ ಅದನ್ನು ಸಿಕ್ಕಿಸಿದಳು.